ಮನೆಯಂಗಳ: ಸಿಡಿದವನಿಗೆ ಏನು ಸಿಕ್ಕಿತು?



ಭರತ ಹುಣ್ಣಿಮೆಯ ಮೈಲಾರದ ಜಾತ್ರೆಗೆ ಹೋಗಿ, ಕಾರಣಿಕವನ್ನು ಕೇಳಿ ಹಿಂದಿರುಗುವ ದಾರಿಯಲ್ಲಿ ನಾವು ಹಡಗಲಿಯ ಬಂಧುಗಳ ಮನೆಯೊಂದರಲ್ಲಿ ಎರಡು ದಿನ ತಂಗಿದ್ದೆವು. ಜಾತ್ರೆಯ ನೆವದಿಂದ ಆ ಮನೆ ತುಂಬಿ ತುಳುಕುತ್ತಿದ್ದಿತು. ಕೂಡ್ಲಿಗಿಯಿಂದ ಯಜಮಾನರ ತಮ್ಮಂದಿರು, ಕೊಟ್ಟೂರಿನಿಂದ ಬೀಗರು, ಹಗರಿಬೊಮ್ಮನಹಳ್ಳಿಯಿಂದ ಹೆಣ್ಣುಮಕ್ಕಳು, ಹರಪನಹಳ್ಳಿಯಿಂದ ಸೋದರಮಾವಂದಿರು, ಹೀಗೆ ಸೀಮೆಯೇ ಬಂದು ಪಡಸಾಲೆಯಲ್ಲಿ ಕುಳಿತಂತಿದ್ದಿತು. 2021ರಲ್ಲಿ ವಿಜಯನಗರ ಜಿಲ್ಲೆಯೆಂಬ ಹೊಸ ಸೂರಿನ ಕೆಳಗೆ ಬಂದ ಈ ಐದೂ ತಾಲ್ಲೂಕುಗಳು ಅದಕ್ಕೆ ಎಷ್ಟೋ ಮೊದಲೇ ನೆಂಟಸ್ತಿಕೆಯ ಸೂರಿನ ಕೆಳಗೆ ಕೂಡಿಕೊಂಡಿದ್ದುವಷ್ಟೆ.

ಮೈಲಾರದಲ್ಲಿ ಕೇಳಿ ಬಂದ ಕಥೆ ನಮ್ಮ ಕಿವಿಯಲ್ಲಿ ಇನ್ನೂ ಮೊಳಗುತ್ತಿದ್ದಿತು. ಮಣಿ ಮಲ್ಲಾಸುರರೆಂಬ ರಕ್ಕಸರು ಲೋಕವನ್ನು ಪೀಡಿಸುತ್ತಿರಲು, ಶಿವನು ಮೈಲಾರಲಿಂಗನಾಗಿ ಬಂದು ಅವರೊಡನೆ ಕಾದಿ ಅವರನ್ನು ಸಂಹರಿಸಿದನೆಂಬುದು ಆ ಕ್ಷೇತ್ರದ ಕಥೆ. ಕರಿಯ ಕಂಬಳಿ, ಡಮರುಗ, ಭಂಡಾರದ ಚೀಲಗಳನ್ನು ಧರಿಸಿದ ಗೊರವರು ಇಂದಿಗೂ ತಮ್ಮನ್ನು ಆ ದೇವರ ನಾಯಿಗಳೆಂದು ಭಾವಿಸಿ, ಬೊಗಳುತ್ತ ದೋಣಿಯೆಂಬ ಪಾತ್ರೆಯಲ್ಲಿ ಪ್ರಸಾದವನ್ನುಣ್ಣುವರು. ಒಡೆಯನಿಗಾಗಿ ರಕ್ಕಸರ ಮೇಲೆ ಬಿದ್ದ ನಾಯಿ ತಾನೆಂದು ಹೇಳಿಕೊಳ್ಳುವುದು ಅವರಿಗೆ ನಾಚಿಕೆಯಲ್ಲ, ಹೆಮ್ಮೆ.

ಹೀಗಿರಲು, ಜಗಲಿಯ ಮೂಲೆಯಲ್ಲಿ ಕುಳಿತಿದ್ದ ಆ ಮನೆಯ ಹನ್ನೊಂದು ವರ್ಷದ ಹುಡುಗನು, ಕೈಯಲ್ಲಿ ಹಿಡಿದಿದ್ದ ಆಟದ ಯಂತ್ರವನ್ನು ಮೇಲೆತ್ತಿ, “ಸಿಡಿದುಬಿಟ್ಟ! ನಾನು ಗೆದ್ದೆ!” ಎಂದು ಕೂಗಿದನು. ಸಿಡಿದವನು ಯಾರು, ಗೆದ್ದವನು ಯಾರು ಎಂದು ನಾವು ಕೇಳಲಾಗಿ, ಅವನು ಬಹು ಸಂತೋಷದಿಂದ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳಿದನು. ಗುರುವಿನ ವಯಸ್ಸು ಚಿಕ್ಕದಾದರೂ ಪಾಠ ಸ್ಪಷ್ಟವಾಗಿದ್ದಿತು. ಮನೆಯಲ್ಲಿ ಮಕ್ಕಳಿರುವ ವಾಚಕರಿಗೆ ಉಪಯೋಗವಾಗಬಹುದೆಂದು ಅದನ್ನು ಇಲ್ಲಿ ಒಪ್ಪಿಸುತ್ತೇವೆ.

ಆಟದ ಹೆಸರು ಪೋಕೆಮಾನ್. ಇದು 1996ರ ಫೆಬ್ರವರಿಯಲ್ಲಿ ಜಪಾನ್ ದೇಶದಲ್ಲಿ ಹುಟ್ಟಿ, ಸರಣಿ ಸರಣಿಯಾಗಿ ಬೆಳೆದು, ಜಗತ್ತಿನ ಮಕ್ಕಳನ್ನೆಲ್ಲ ಸೆಳೆದುಕೊಂಡಿರುವುದು. ಆಡುವವನು ಕಾಡುಮೇಡುಗಳಲ್ಲಿ ಅಲೆದು ವಿಚಿತ್ರ ಜೀವಿಗಳನ್ನು ಹಿಡಿದು ಪಳಗಿಸುತ್ತಾನೆ. ಬಳಿಕ ಎದುರಾಳಿಯ ಜೀವಿಗಳೊಡನೆ ಅವುಗಳನ್ನು ಕಾದಿಸುತ್ತಾನೆ. ಒಂದೊಂದು ಜೀವಿಗೂ ನಾಲ್ಕು ಪಟ್ಟುಗಳು. ಯಾವ ಪಟ್ಟನ್ನು ಹಾಕಬೇಕೆಂದು ಆಜ್ಞೆ ಮಾಡುವವನು ಒಡೆಯ. ಹಾಕುವುದು ಜೀವಿಯ ಕೆಲಸ. ಗರಡಿಮನೆಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಈ ಪಟ್ಟುಗಳಲ್ಲೆಲ್ಲ ಭಯಂಕರವಾದುವು ಎರಡು. ಒಂದರ ಹೆಸರು ಸೆಲ್ಫ್ ಡಿಸ್ಟ್ರಕ್ಟ್, ಎಂದರೆ ಆತ್ಮನಾಶ. ಇನ್ನೊಂದರದು ಎಕ್ಸ್‌ಪ್ಲೋಷನ್, ಎಂದರೆ ಮಹಾಸ್ಫೋಟ. ಕೈಗಳುಳ್ಳ ಬಂಡೆಯಂತಿರುವ ಜಿಯೋಡ್ಯೂಡ್, ಚೆಂಡಿನಂತಿರುವ ವೋಲ್ಟಾರ್ಬ್, ವಿಷದ ಹೊಗೆಯುಗುಳುವ ಕಾಫಿಂಗ್ ಮೊದಲಾದ ಜೀವಿಗಳು ಇವನ್ನು ಬಲ್ಲವು. ಆಜ್ಞೆಯಾದೊಡನೆ ಆ ಜೀವಿ ತನ್ನನ್ನೇ ಸಿಡಿಸಿಕೊಳ್ಳುವುದು. ಎದುರಿಗಿರುವವನಿಗೆ ಮಹಾ ಆಘಾತವಾಗುವುದು. ತಾನು ಮೂರ್ಛೆಗೊಂಡು ಕಣದಿಂದ ಹೊರಬೀಳುವುದು. ಬಲದ ಲೆಕ್ಕವನ್ನೂ ಹುಡುಗನು ಹೇಳಿದನು. ಭೂಕಂಪವೆಂಬ ದೊಡ್ಡ ಪಟ್ಟಿನ ಬಲ 100. ಮೊದಲ ಆಟಗಳಲ್ಲಿ ಆತ್ಮನಾಶಕ್ಕೆ 130, ಮಹಾಸ್ಫೋಟಕ್ಕೆ 170 ಇದ್ದಿತು. 1999ರ ಆಟಗಳಿಂದ ಅವು 200 ಮತ್ತು 250ಕ್ಕೇರಿದುವು. ಅಷ್ಟೇ ಅಲ್ಲ, ಹಳೆಯ ಆಟಗಳಲ್ಲಿ ಈ ಪಟ್ಟಿನ ಮುಂದೆ ಎದುರಾಳಿಯ ರಕ್ಷಣಾಬಲವನ್ನು ಅರ್ಧಕ್ಕಿಳಿಸಿ ಎಣಿಸುತ್ತಿದ್ದರು. 2010ರ ಆಟಗಳಿಂದ ಆ ರಿಯಾಯಿತಿಯನ್ನು ತೆಗೆದುಹಾಕಿದರು. ಇಷ್ಟಿದ್ದರೂ ಭೂತಜಾತಿಯ ಜೀವಿಗಳ ಮೇಲೆ ಈ ಪಟ್ಟು ಏನೂ ನಡೆಯದು. ಹೊಗೆಗೆ ಗುದ್ದಿದರೆ ಏನು ಫಲ? ಸಿಡಿದವನು ಸಿಡಿದದ್ದೇ ಸರಿ, ಭೂತವು ಇದ್ದಲ್ಲಿಯೇ ಇರುವುದು.

“ಹಾಗಾದರೆ ಆ ಬಡಜೀವಿ ಸತ್ತುಹೋಗುವುದೊ?” ಎಂದೆವು. ಹುಡುಗನು ನಕ್ಕು, “ಇಲ್ಲ, ಆಮೇಲೆ ಕೇಂದ್ರಕ್ಕೆ ಒಯ್ದರೆ ಮತ್ತೆ ಏಳುತ್ತದೆ, ಕಾಸೂ ಕೊಡಬೇಕಾಗಿಲ್ಲ” ಎಂದನು.

ಆಗ ಒಳಗಿನಿಂದ ಮಾತೊಂದು ಬಂದಿತು. ಆ ಮನೆಯ ಯಜಮಾನರ ಹಿರಿಯಕ್ಕ, ಅರುವತ್ತನ್ನು ದಾಟಿದವರು, ಹೊಸ್ತಿಲಿನ ಬಳಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ತಲೆಯೆತ್ತದೆಯೇ ಕೇಳಿದರು: “ಅದೆಲ್ಲ ಇರಲಿ ಮಗಾ, ಸಿಡಿದವನಿಗೆ ಏನು ಸಿಕ್ಕಿತು?”

ಹುಡುಗನು ಕ್ಷಣಕಾಲ ಯೋಚಿಸಿದನು. ಕಾಳಗದಲ್ಲಿ ಗೆದ್ದರೆ ಅನುಭವದ ಅಂಕಗಳು ದೊರೆಯುವುವು; ಅವುಗಳಿಂದ ಜೀವಿಗಳು ಬಲವಾಗಿ ಬೆಳೆಯುವುವು. ಆದರೆ ಆ ಅಂಕಗಳು ಎದ್ದು ನಿಂತಿರುವವರಿಗೆ ಮಾತ್ರ, ಮೂರ್ಛೆಹೋದವನಿಗೆ ಪಾಲಿಲ್ಲ. “ಅವನಿಗೆ ಏನೂ ಇಲ್ಲ, ದೊಡ್ಡತ್ತೆ” ಎಂದು ಅವನು ಮೆಲ್ಲನೆ ಹೇಳಿದನು. ದೊಡ್ಡತ್ತೆ “ಹೂಂ” ಎಂದು ಮತ್ತೆ ಮೆಣಸಿನಕಾಯಿಗೆ ಕೈಹಾಕಿದರು.

ಅಂದಿನ ರಾತ್ರಿ ನಮಗೆ ನಿದ್ರೆ ಬೇಗ ಬರಲಿಲ್ಲ. ಹೆಂಗಸೊಬ್ಬರು ಒಂದೇ ಮಾತಿನಲ್ಲಿ ಕೇಳಿದುದು ಎಷ್ಟು ಹಳೆಯ ಪ್ರಶ್ನೆ, ಮತ್ತು ನಮ್ಮ ನಾಡು ಅದಕ್ಕೆ ಎಷ್ಟು ಹಿಂದೆಯೇ ಉತ್ತರ ಕೊಟ್ಟಿದ್ದಿತು ಎಂಬುದನ್ನು ನೆನೆಯುತ್ತ ಮಲಗಿದ್ದೆವು.

ತಾನಳಿದು ಎದುರಾಳಿಯನ್ನು ಹೊಡೆಯುವ ಪಟ್ಟು ಆಟ ಮಾಡಿದವರ ಕಲ್ಪನೆಯಷ್ಟೇ ಅಲ್ಲ, ಸೃಷ್ಟಿಯಲ್ಲಿಯೇ ಇರುವುದು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಳ ನಡುವೆ ಕರಡಿಗಳ ಅಭಯಾರಣ್ಯವಿದೆ. ಕರಡಿಗೆ ಜೇನೆಂದರೆ ಪ್ರಾಣ. ಗೂಡಿಗೆ ಅಪಾಯ ಬಂದಿತೆಂದರೆ ಜೇನುನೊಣ ಎರಗುವುದು. ಅದರ ಕೊಂಡಿಯಲ್ಲಿ ಹಿಮ್ಮುಖವಾದ ಮುಳ್ಳುಗಳುಂಟು. ನಮ್ಮಂಥವರ ಚರ್ಮದಲ್ಲಿ ಒಮ್ಮೆ ನಾಟಿದರೆ ಕೊಂಡಿಯೂ ವಿಷದ ಚೀಲವೂ ಅಲ್ಲಿಯೇ ಉಳಿದು, ಒಡಲು ಹರಿದು ನೊಣ ಸಾಯುವುದು. ಆದರೆ ಅದಕ್ಕೆ ಆಜ್ಞೆ ಮಾಡಿದ ಒಡೆಯನಿಲ್ಲ. ಅದು ಉಳಿಸಿದ್ದು ತನ್ನ ತಾಯಿಯನ್ನೂ ಒಡಹುಟ್ಟಿದವರನ್ನೂ. ಮನುಷ್ಯರ ವಿಷಯ ಹಾಗಲ್ಲ. ನಮ್ಮಲ್ಲಿ ಬೆರಳು ಒತ್ತುವವನೊಬ್ಬ, ಸಿಡಿಯುವವನೊಬ್ಬ ಇರಬಹುದು. ಆದುದರಿಂದಲೇ ನಮಗೆ ಲೆಕ್ಕ ಕೇಳುವ ಪ್ರಶ್ನೆ ಬೇಕಾಯಿತು.

ಒಡೆಯನಿಗಾಗಿ ಕಾದಿದ ಪ್ರಾಣಿಗೆ ಏನು ಸಲ್ಲಬೇಕೆಂಬುದಕ್ಕೆ ಕನ್ನಡನಾಡಿನಲ್ಲಿ ಕಲ್ಲಿನ ಮೇಲೆ ಕೊರೆದ ಉತ್ತರವೊಂದು ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಮಯ. ಬೂತುಗನ ಭಟನಾದ ಮಣಲೇರನೆಂಬವನು ಆ ಕಾಳಗದಲ್ಲಿ ಮಹಾಪರಾಕ್ರಮವನ್ನು ತೋರಿಸಲಾಗಿ, ದೊರೆ ಮೆಚ್ಚಿ, ಬೇಕಾದುದನ್ನು ಕೇಳೆಂದನು. ಮಣಲೇರನು ಕೇಳಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಬೆಟ್ಟದ ಬಳಿ ಮಹಾ ಕಾಡುಹಂದಿಯೊಂದರ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಕೂಡಿಯೇ ಸತ್ತುವು.

ಆಮೇಲೆ ನಡೆದುದೇ ನಮಗೆ ಮುಖ್ಯ. ನಾಯಿ ಸತ್ತಿತೆಂದು ಮಣಲೇರನು ಇನ್ನೊಂದು ನಾಯಿಯನ್ನು ಕೇಳಿ ಸುಮ್ಮನಾಗಲಿಲ್ಲ. ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವನ್ನು ಅದರಲ್ಲಿ ಕೊರೆಯಿಸಿದರು. ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲಲೆಂದು ಕಟ್ಟಳೆ ಮಾಡಿದರು. ಮೈಲಾರದಲ್ಲಿ ತನ್ನನ್ನು ನಾಯಿಯೆಂದುಕೊಳ್ಳುವ ಗೊರವನ ಹೆಸರೇ ಸಾವಿರ ವರ್ಷದ ಹಿಂದಿನ ಆ ಕಲ್ಲಿನಲ್ಲಿ ನಾಯಿಯ ಪೂಜಾರಿಗೆ ಇದ್ದಿತು. ಉಳಿದವನು ಉಣ್ಣುವ ಮುನ್ನ ಅಳಿದವನನ್ನು ನೆನೆಯತಕ್ಕದ್ದು ಎಂಬುದೇ ಆ ಕಟ್ಟಳೆಯ ತಾತ್ಪರ್ಯ.

ನಾಯಿಗೇ ಹೀಗಾದರೆ ಮನುಷ್ಯನಿಗೆ ಹೇಳಬೇಕೆ? ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಸೀಮೆಯಲ್ಲಿ ತಿರುಗಿದವರು ಊರ ಬಾಗಿಲಲ್ಲಿಯೋ ಗುಡಿಯ ಮಗ್ಗುಲಲ್ಲಿಯೋ ನಿಂತ ವೀರಗಲ್ಲುಗಳನ್ನು ನೋಡದೆ ಇರಲಾರರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕುಳಿತಿರುವುದು, ನೆತ್ತಿಯಲ್ಲಿ ಸೂರ್ಯಚಂದ್ರರು. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿ ತರುವಾಗಲೂ, ಹೆಣ್ಣುಮಕ್ಕಳ ಮಾನವನ್ನು ಕಾಯುವಾಗಲೂ, ಊರು ಮುತ್ತಿದಾಗಲೂ ಮಡಿದವರ ಗುರುತುಗಳಿವು. ಆದರೆ ಕಲ್ಲು ನಿಲ್ಲಿಸಿದಲ್ಲಿಗೇ ಎಲ್ಲವೂ ಮುಗಿಯುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿಯಿದ್ದಿತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ! ಎಷ್ಟು ಬಿಗಿಯಾದ, ಎಷ್ಟು ನಿಷ್ಠುರವಾದ, ಎಷ್ಟು ನ್ಯಾಯವಾದ ಮಾತು! ಸ್ವರ್ಗವನ್ನು ಕಲ್ಲಿನಲ್ಲಿ ಕೊರೆದರೆ ಅವನ ಮಕ್ಕಳ ಹೊಟ್ಟೆ ತುಂಬದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಹಾಗೆಂದು ಹಳೆಯದೆಲ್ಲವೂ ಚಿನ್ನವೆಂದು ನಾವು ಹೇಳುವುದಿಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ಪಾಂಡ್ಯರಿಂದ ಗೆದ್ದ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ಅವನ ದಂಡನಾಯಕನಾದ ಕುವರ ಲಕ್ಷ್ಮನು ಕೊಟ್ಟ ಮಾತಿನಂತೆ ಹೆಂಡತಿಯೊಡನೆಯೂ ತನ್ನ ಗರುಡರೆಂಬ ಭಟರೊಡನೆಯೂ ಪ್ರಾಣವನ್ನು ನೀಗಿದನು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬದಲ್ಲಿ ತಮ್ಮನ್ನೇ ಕತ್ತರಿಸಿಕೊಳ್ಳುವ ಆ ಭಟರ ಚಿತ್ರಗಳಿವೆ. ಅವರ ನಿಷ್ಠೆಗೆ ಯಾರು ತಲೆದೂಗರು? ಆದರೂ ಕೇಳಬೇಕಾಗುವುದು: ದೊರೆ ಆಗಲೇ ಹೋಗಿದ್ದನು, ಈ ಪ್ರಾಣಗಳಿಂದ ಉಳಿದವರು ಯಾರು? ಹುಡುಗನ ಆಟದ ಮಾತಿನಲ್ಲಿ ಹೇಳುವುದಾದರೆ ಇದು ಭೂತದ ಮುಂದೆ ಸಿಡಿದಂತೆ.

ಇನ್ನು ಮಾಸ್ತಿಕಲ್ಲುಗಳು. ಬಳೆ ತೊಟ್ಟ ಕೈಯೊಂದು ಕಂಬದಿಂದ ಮೇಲೆದ್ದು ನಿಂತಿರುವುದನ್ನು ನೋಡಿದಾಗ ಮನಸ್ಸು ಭಾರವಾಗುವುದು. ತಾನಾಗಿ ಬೆಂಕಿಗೆ ನಡೆದವಳಾರು, ಬಂಧುಗಳ ಕಣ್ಣಿನ ಆಜ್ಞೆಗೆ ನಡೆದವಳಾರು ಎಂಬುದನ್ನು ಕಲ್ಲು ಹೇಳಲಾರದು. 1829ರಲ್ಲಿ ಬಂಗಾಳದಲ್ಲಿಯೂ, 1830ರಲ್ಲಿ ಅಂದು ಈ ಸೀಮೆಯನ್ನಾಳುತ್ತಿದ್ದ ಮದರಾಸು ಪ್ರಾಂತದಲ್ಲಿಯೂ ಆ ಪದ್ಧತಿಯನ್ನು ಕಾಯಿದೆಯಿಂದ ನಿಲ್ಲಿಸಿದುದು ಸರಿಯಾದ ಕೆಲಸವೇ. ತ್ಯಾಗವೆಂಬ ಹೆಸರಿನ ಕೆಳಗೆ ಆಜ್ಞೆ ಅಡಗಿ ಕುಳಿತರೆ ಅದನ್ನು ತ್ಯಾಗವೆನ್ನುವುದು ಹೇಗೆ?

ಹೀಗೆ ಯೋಚಿಸುತ್ತ ನಮಗೆ ಮೂರು ಪ್ರಶ್ನೆಗಳು ಹೊಳೆದುವು. ತಾನಳಿದು ಇತರರನ್ನು ಉಳಿಸುವ ಯಾವ ಕೆಲಸವನ್ನು ನೋಡಿದರೂ, ಹೊಗಳುವ ಮೊದಲು ಇವನ್ನು ಕೇಳಬೇಕು. ಆಜ್ಞೆ ಯಾರದು? ಅದರಿಂದ ನಿಜವಾಗಿ ಉಳಿದವರುಂಟೆ? ಉಳಿದವರು ಏನು ಕೊಟ್ಟರು? ಮೊದಲನೆಯದು ಮಾಸ್ತಿಯದು, ಎರಡನೆಯದು ಗರುಡರದು, ಮೂರನೆಯದು ಕಾಳಿಯದು. ಮಕ್ಕಳ ಆಟ ಇವುಗಳಲ್ಲಿ ಕೊನೆಯದನ್ನು ಪೂರ್ತಿ ಮರೆತಿದೆಯೆಂದೂ ಹೇಳಲಾಗದು. ಸರಣಿಯ ಹಲವು ಆಟಗಳಲ್ಲಿ, ಜೀವಿಯನ್ನು ಕಾಳಗದಲ್ಲಿ ಮೂರ್ಛೆಗೊಳಿಸಿದರೆ ಒಡೆಯನ ಮೇಲೆ ಅದಕ್ಕಿರುವ ಸ್ನೇಹ ತುಸು ತಗ್ಗುವುದಂತೆ. ಅಂಕ ಚಿಕ್ಕದು, ಆದರೆ ಲೆಕ್ಕ ನಿಜವಾದುದು.

ಮರುದಿನ ಬೆಳಿಗ್ಗೆ ಯಜಮಾನರೊಡನೆ ಕಾಫಿ ಕುಡಿಯುತ್ತಿರುವಾಗ ಉಳಿದ ಸಂಗತಿ ತಿಳಿಯಬಂದಿತು. ತಾಯಿ ತೀರಿಕೊಂಡಾಗ ಈ ಅಕ್ಕನಿಗೆ ಹದಿಮೂರು ವರ್ಷ. ಏಳನೆಯ ತರಗತಿಯಿಂದ ಬಿಡಿಸಿ, ಮೂವರು ತಮ್ಮಂದಿರನ್ನು ಆಕೆಯ ಕೈಗೆ ಒಪ್ಪಿಸಿದರು. ಬರಗಾಲದ ದಿನಗಳು, ಆಕೆ ಕೂಲಿಗೂ ಹೋದರು, ರೊಟ್ಟಿಯನ್ನೂ ತಟ್ಟಿದರು. ಬಂದ ಸಂಬಂಧಗಳು ಒಂದೊಂದಾಗಿ ಹಿಂದಕ್ಕೆ ಹೋದುವು. ತಮ್ಮಂದಿರು ಓದಿದರು, ಇಬ್ಬರಿಗೆ ಉದ್ಯೋಗವಾಯಿತು, ಒಬ್ಬರು ಒಕ್ಕಲುತನವನ್ನು ನೋಡಿಕೊಂಡರು. ಈಗ ತಂದೆಯ ಹೊಲವನ್ನು ಹಂಚಿಕೊಳ್ಳುವ ಸಮಯ. ಅಕ್ಕನಿಂದ ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಹಾಕಿಸುವುದೆಂದು ಮಾತಾಗಿ, ಕಾಗದವೂ ಸಿದ್ಧವಾಗಿ, ಪೆಟ್ಟಿಗೆಯಲ್ಲಿ ಕುಳಿತಿದ್ದಿತು. ಜಾತ್ರೆಗೆ ತಮ್ಮಂದಿರೆಲ್ಲ ಕೂಡಿದ್ದುದು ಅದಕ್ಕಾಗಿಯೂ ಆಗಿತ್ತು. “ಅಕ್ಕ ಬೇಡವೆನ್ನುವವಳಲ್ಲ” ಎಂದು ಯಜಮಾನರು ಹೇಳಿದರು. ಹೇಳಿ, ಲೋಟವನ್ನು ನೋಡುತ್ತ ಕುಳಿತರು. ಹಿಂದಿನ ಸಂಜೆ ಜಗಲಿಯ ಮಾತು ಅವರ ಕಿವಿಗೂ ಬಿದ್ದಿದ್ದಿತು.

ಆ ದಿನ ಕಾಗದ ಪೆಟ್ಟಿಗೆಯಿಂದ ಹೊರಬರಲಿಲ್ಲ. ಆಮೇಲೆ ಏನಾಯಿತೆಂಬುದು ಆ ಮನೆಯ ವಿಷಯ, ನಾವು ಕೇಳಲಿಲ್ಲ. ಆದರೆ ಇಂಥ ಕಾಗದ ಆ ಒಂದು ಪೆಟ್ಟಿಗೆಯಲ್ಲಿ ಮಾತ್ರವೇ ಇರುವುದೆಂದು ವಾಚಕರು ತಿಳಿಯಬಾರದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕುಂಟು. ಕಾಯಿದೆ ಕೊಟ್ಟುದನ್ನು ಪ್ರೀತಿಯ ಹೆಸರಿನಲ್ಲಿ ಹಿಂದಕ್ಕೆ ಪಡೆಯುವ ಜಾಣತನವು ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅಕ್ಕತಂಗಿಯರು ರುಜು ಹಾಕುವರು. ಅಣ್ಣತಮ್ಮಂದಿರು ಸೀರೆಯೊಂದನ್ನು ಉಡಿಸಿ, ನಮ್ಮ ಅಕ್ಕನಂಥ ತ್ಯಾಗಿ ಇಲ್ಲವೆಂದು ನಾಲ್ಕು ಜನರ ಮುಂದೆ ಹೊಗಳುವರು. ಆಜ್ಞೆ ಯಾರದು, ಉಳಿದವರು ಏನು ಕೊಟ್ಟರು ಎಂದು ಮಾತ್ರ ಯಾರೂ ಕೇಳರು.

ಆಸ್ತಿಯ ಮಾತೊಂದೇ ಅಲ್ಲ. ಎಲ್ಲರೂ ಉಂಡಮೇಲೆ ತಳದ ಅನ್ನವನ್ನು ಉಣ್ಣುವ ತಾಯಿ, ಮಕ್ಕಳ ಶುಲ್ಕಕ್ಕಾಗಿ ತನ್ನ ಕಣ್ಣಿನ ಚಿಕಿತ್ಸೆಯನ್ನು ಮುಂದೂಡುವ ತಂದೆ, ತಮ್ಮನ ಓದಿಗಾಗಿ ಗಾರೆಯ ಕೆಲಸಕ್ಕೆ ಬೆಂಗಳೂರಿಗೆ ಹೋದ ಅಣ್ಣ, ಇವರೆಲ್ಲರೂ ಸಿಡಿದು ನಮ್ಮನ್ನು ಗೆಲ್ಲಿಸಿದವರೇ. ಆಟದ ಜೀವಿಯನ್ನು ಕೇಂದ್ರಕ್ಕೊಯ್ದರೆ ಕಾಸಿಲ್ಲದೆ ಏಳುವುದು. ಇವರು ಕಳೆದುಕೊಂಡ ವರ್ಷಗಳನ್ನು ಮರಳಿ ಕೊಡುವ ಕೇಂದ್ರ ಯಾವ ಊರಿನಲ್ಲಿಯೂ ಇಲ್ಲ. ಕೊಡಬಲ್ಲುದು ನೆತ್ತರುಗೊಡಗೆ ಒಂದೇ: ಹೊಲದ ಪಾಲಿದ್ದರೆ ಪಾಲು, ಮನೆಯಿದ್ದರೆ ಪತ್ರದಲ್ಲಿ ಹೆಸರು, ಏನೂ ಇಲ್ಲದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುವ ಒಂದು ದಿನ, ಪಂಕ್ತಿಯಲ್ಲಿ ಮೊದಲನೆಯ ಎಲೆ. ಹೊಗಳಿಕೆಯು ಕಲ್ಲಿನ ಮೇಲಿನ ಅಪ್ಸರೆಯಂತೆ. ನೋಡಲು ಚೆನ್ನ, ಅದರಿಂದ ಒಲೆ ಉರಿಯದು.

ಮಕ್ಕಳು ಈ ಆಟವನ್ನು ಆಡಬಾರದೆಂದು ನಾವು ಹೇಳುವವರಲ್ಲ. ಆಡಲಿ. ಮೈಲಾರನ ಕಥೆಯಲ್ಲಿ ರಕ್ಕಸರನ್ನು ಕಂಡು ಹಿಗ್ಗಿದ ನಾವು ಅವರ ರಕ್ಕಸರನ್ನು ಕಂಡು ಮುಖ ಸಿಂಡರಿಸುವುದು ನ್ಯಾಯವಲ್ಲ. ಆದರೆ ಆಡುವ ಮಗುವಿನ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ಆ ಹಿರಿಯಕ್ಕ ಕೇಳಿದ ಪ್ರಶ್ನೆಯನ್ನು ನಾವೂ ಕೇಳಿದರೆ ಒಳ್ಳೆಯದು. ಹಡಗಲಿಯಿಂದ ಹೊರಡುವಾಗ ನಾವು ಹುಡುಗನಿಗೆ ಕಾಳಿಯ ಕಥೆಯನ್ನು ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ತನ್ನ ಕೈಗಳುಳ್ಳ ಬಂಡೆಗೆ ಇನ್ನು ಮುಂದೆ ಬೇರೆ ಪಟ್ಟು ಕಲಿಸುವುದಾಗಿ ಹೇಳಿದನು. ಒಳಗೆ ಮೆಣಸಿನಕಾಯಿಯ ಬುಟ್ಟಿ ಅರ್ಧ ಉಳಿದಿದ್ದಿತು. ಯಜಮಾನರು ಅಕ್ಕನೆದುರು ಕುಳಿತು ತೊಟ್ಟು ಬಿಡಿಸುತ್ತಿದ್ದರು.